ಎಂಟು ತಿಂಗಳು ಎಲ್ಲಿತ್ತು?

2020ರ ಅಕ್ಟೋಬರ್ 30ರಂದು ಪಬ್‌ಜಿ ಮೊಬೈಲ್ ಭಾರತದ ಆಟಗಾರರಿಗೆ ಬಾಗಿಲು ಹಾಕಿತು. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. ಮೊದಲೇ ಫೋನಿಗೆ ಇಳಿಸಿಕೊಂಡಿದ್ದವರು ಮಾತ್ರ ಆ ನಡುವಿನ ದಿನಗಳಲ್ಲಿ ಆಡುತ್ತ ಬಂದಿದ್ದರು. ನನ್ನ ಅಕ್ಕನ ಮಗನೂ ಅವರಲ್ಲೊಬ್ಬ. ಅವನ ಹತ್ತಿರ ‘ಗ್ಲೇಸಿಯರ್’ ಇತ್ತು. ಎಂ416 ಎಂಬ ಬಂದೂಕಿಗೆ ತೊಡಿಸುವ ಮಂಜುಗಡ್ಡೆ ಬಣ್ಣದ ಹೊದಿಕೆ ಅದು. ತೊಡಿಸಿದ ಮಾತ್ರಕ್ಕೆ ಗುಂಡು ಹೆಚ್ಚು ದೂರ ಹಾರುವುದಿಲ್ಲ, ಗುರಿಯೂ ಸುಧಾರಿಸುವುದಿಲ್ಲ. ಪೆಟ್ಟಿಗೆ ತೆರೆದಾಗ ಅದೃಷ್ಟವಿದ್ದರೆ ಸಿಗುತ್ತದೆ, ಅಷ್ಟೆ. ಆದರೂ ಕೊಯಮತ್ತೂರಿನ ಟೀ ಅಂಗಡಿಗಳ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದ ಹುಡುಗರ ನಡುವೆ ಗ್ಲೇಸಿಯರ್ ಇದ್ದವನ ಮರ್ಯಾದೆಯೇ ಬೇರೆ.

2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಎಂಬ ಹೆಸರು ಹೊತ್ತು ಬಂತು. ಹಳೆಯ ಖಾತೆ ಜೋಡಿಸಿದರೆ ಹಳೆಯ ಸಾಮಾನು ಸಿಗುತ್ತದೆ ಎಂದರು. ಜೋಡಿಸಿದ. ಗ್ಲೇಸಿಯರ್ ಬಂತು, ಒಂದು ಗೀರೂ ಇಲ್ಲದೆ.

ಅವನು ಖುಷಿಯಾಗಿ ಆಟಕ್ಕೆ ಕೂತ. ಅದು ನಡುವಿನ ಎಂಟು ತಿಂಗಳು ಎಲ್ಲಿತ್ತು ಎಂಬ ಪ್ರಶ್ನೆ ನನ್ನ ಪಾಲಿಗೆ ಬಂತು.

ನಮ್ಮ ದಾರ್ಶನಿಕರಿಗೆ ಇಂಥ ಪ್ರಶ್ನೆ ಹೊಸದಲ್ಲ. ಸಾಂಖ್ಯರಾದರೆ ಅದು ಅವ್ಯಕ್ತವಾಗಿತ್ತು, ಈಗ ವ್ಯಕ್ತವಾಯಿತು, ಇಲ್ಲದ್ದು ಎಂದೂ ಹುಟ್ಟುವುದಿಲ್ಲ ಎನ್ನುತ್ತಿದ್ದರು. ಬೌದ್ಧರ ಕ್ಷಣಭಂಗವಾದ ಇದಕ್ಕೆ ಎದುರು: ಇರುವುದೆಲ್ಲ ಒಂದು ಕ್ಷಣ ಮಾತ್ರ ಇರುತ್ತದೆ, ಮುಂದಿನ ಕ್ಷಣದ್ದು ಬೇರೆಯೇ, ಒಂದರ ಬೆನ್ನಿಗೆ ಒಂದು ಹುಟ್ಟುವ ಸಾಲನ್ನೇ ನಾವು ವಸ್ತು ಎಂದು ಕರೆಯುತ್ತೇವೆ. ಹನ್ನೊಂದನೇ ಶತಮಾನದಲ್ಲಿ ರತ್ನಕೀರ್ತಿ ಇದನ್ನು ಸಾಧಿಸಲೆಂದೇ ‘ಕ್ಷಣಭಂಗಸಿದ್ಧಿ’ ಬರೆದ. ಆದರೆ ಸಾಲೇ ಎಂಟು ತಿಂಗಳು ಕಡಿದುಹೋಗಿ ಮತ್ತೆ ಅಲ್ಲಿಂದಲೇ ಮುಂದುವರಿದರೆ ಆತ ಏನೆನ್ನುತ್ತಿದ್ದನೋ. ಜೈನರು ಜಾಣರು. ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ ಇರುವುದೇ ‘ಸತ್’ ಎಂದು ತತ್ತ್ವಾರ್ಥಸೂತ್ರದಲ್ಲೇ ಹೇಳಿ ಇಬ್ಬರನ್ನೂ ಸಮಾಧಾನ ಮಾಡಿಬಿಟ್ಟರು.

ತಂತ್ರಜ್ಞರ ಉತ್ತರ ಇವೆಲ್ಲಕ್ಕಿಂತ ಸಪ್ಪೆ. ಎಲ್ಲೋ ಒಂದು ಡೇಟಾಬೇಸ್‌ನಲ್ಲಿ ಒಂದು ಸಾಲು: ಈ ಖಾತೆಯ ಸಂಖ್ಯೆ, ಈ ವಸ್ತುವಿನ ಸಂಖ್ಯೆ, ಎಷ್ಟು. ಮಂಜುಗಡ್ಡೆಯ ಚಿತ್ರ ಎಲ್ಲರ ಫೋನಿನಲ್ಲೂ ಮೊದಲೇ ಇದೆ. ಅದನ್ನು ತನ್ನ ಕೈಯಲ್ಲಿ ಹಿಡಿದಂತೆ ತೋರಿಸಿಕೊಳ್ಳುವ ಹಕ್ಕು ಮಾತ್ರ ಅವನದು. ಆ ಸಾಲು ಇರಬೇಕಾದರೆ ಯಾರೋ ಸರ್ವರಿಗೆ ಕರೆಂಟು ಕೊಡುತ್ತಿರಬೇಕು, ಕೆಟ್ಟ ಡಿಸ್ಕನ್ನು ಬದಲಿಸುತ್ತಿರಬೇಕು, ಪ್ರತಿ ತೆಗೆದಿಡುತ್ತಿರಬೇಕು. ಯಾರೂ ಇರಿಸದಿದ್ದರೆ ಅದು ಇರುವುದಿಲ್ಲ. ಗ್ಲೇಸಿಯರ್ ಆ ಎಂಟು ತಿಂಗಳು ಇದ್ದದ್ದು ಯಾರದೋ ದಿನಗೂಲಿಯಲ್ಲಿ, ಯಾರದೋ ಲೆಕ್ಕಪತ್ರದ ಯಾವುದೋ ಖರ್ಚಿನ ಬಾಬ್ತಿನಲ್ಲಿ.

ಅನಿತ್ಯದ ಬಗ್ಗೆ ನಾವು ಸಾಮಾನ್ಯವಾಗಿ ಮಾತಾಡುವುದು ವಸ್ತುಗಳಿಗೆ ತಾವಾಗಿಯೇ ಇರುವ ಶಕ್ತಿಯಿದೆ, ಕಾಲ ಬಂದು ಅದನ್ನು ಕಿತ್ತುಕೊಳ್ಳುತ್ತದೆ ಎಂಬಂತೆ. ಆಟದ ಐಟಂ ಈ ಭ್ರಮೆಗೆ ಎಡೆಯನ್ನೇ ಕೊಡುವುದಿಲ್ಲ. ಅಲ್ಲಿ ಇರುವುದೇ ದುಡಿಮೆ. ಅಳಿಯುವುದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ.

ನಮ್ಮದು ದೇವಾಂಗರ ಮನೆ. ಕೊಯಮತ್ತೂರು ಸೀಮೆಯಲ್ಲಿ ತಲೆತಲಾಂತರದಿಂದ ಮಗ್ಗ ಹೂಡಿಕೊಂಡು, ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡಿಕೊಂಡು ಬಂದ ಜನ. ನಮ್ಮ ಕನ್ನಡದೊಳಗೆ ಮಗ್ಗಕ್ಕೆ ತರಿ, ಹಾಸುನೂಲಿಗೆ ಪಾವು ಎಂಬ ತಮಿಳು ಮಾತುಗಳೆಲ್ಲ ಬೆರೆತುಹೋಗಿವೆ. ಬೆಂಗಳೂರಿನವರು ಕೇಳಿದರೆ ನಗುತ್ತಾರೆ, ನಗಲಿ. ಮೇಟ್ಟುಪಾಳಯದ ಹತ್ತಿರದ ಸಿರುಮುಗೈಯಲ್ಲಿ ಈಗಲೂ ರೇಷ್ಮೆ ಸೀರೆಯ ಮಗ್ಗಗಳ ಸದ್ದು ಕೇಳುತ್ತದೆ. ರೇಷ್ಮೆ, ಹತ್ತಿ ಸೇರಿಸಿ ನೇಯುವ ಕೋವೈ ಕೋರಾ ಸೀರೆಗೆ ಭೌಗೋಳಿಕ ಸೂಚಿಯೂ ಸಿಕ್ಕಿದೆ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ತಾಳ್ಮೆಯ ಪಾಠ ಯಾರೂ ಹೇಳಿಕೊಡುವುದಿಲ್ಲ. ಸಾವಿರಾರು ಎಳೆಗಳ ಹಾಸಿನಲ್ಲಿ ಒಂದು ಕಡಿಯುತ್ತದೆ. ಲಾಳಿ ನಿಲ್ಲುತ್ತದೆ. ಕಡಿದ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಸರಿಯಾದ ಸಂದಿನಲ್ಲಿ ಹಾಯಿಸಿ, ಮತ್ತೆ ಲಾಳಿ. ಬೇಸಿಗೆಯ ಒಣಗಾಳಿಗೆ ಎಳೆ ಇನ್ನೂ ಬೇಗ ಕಡಿಯುತ್ತದೆ, ಗುಂಡಿಮಗ್ಗದ ತಂಪಿಗೆ ಸ್ವಲ್ಪ ತಾಳುತ್ತದೆ. ನೇಯ್ಗೆ ಎಂದರೆ ಅರ್ಧ ಇದೇ ಕೆಲಸ. ಹೊರಗಿನವರಿಗೆ ಕಾಣುವುದು ಇನ್ನರ್ಧ ಮಾತ್ರ.

ಜಕಾರ್ಡ್ ಮಗ್ಗದಲ್ಲಿ ದೋಷದ ಸ್ವಭಾವವೇ ಬೇರೆ. ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟುಗಳ ಸರಮಾಲೆ ತಿರುಗುತ್ತಿರುತ್ತದೆ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. ಹೊಡೆಯುವವನು ಒಂದು ತೂತು ತಪ್ಪಿಸಿದ್ದರೆ ಅಂಚಿನ ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಕೈ ಸೋತದ್ದಲ್ಲ, ಎಳೆ ಹಳತಾದದ್ದಲ್ಲ, ಆಜ್ಞೆಯೇ ತಪ್ಪಿದೆ. 1804ರ ಈ ಫ್ರೆಂಚ್ ಯಂತ್ರದ ರಟ್ಟುಗಳಿಂದ ಬ್ಯಾಬೇಜ್‌ನ ಲೆಕ್ಕದ ಯಂತ್ರಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ದಾರಿ ಎಳೆಯುವುದು ಈಗ ಎಲ್ಲರಿಗೂ ರೂಢಿಯಾಗಿದೆ. ನನ್ನ ಕಣ್ಣಿಗೆ ಬಿದ್ದದ್ದು ಮಗ್ಗಕ್ಕೂ ಕಂಪ್ಯೂಟರಿಗೂ ನಡುವಿನ ವ್ಯತ್ಯಾಸ. ರಟ್ಟು ತಿದ್ದಿದರೆ ಮುಂದಿನ ಹೂವು ಸರಿಯಾಗುತ್ತದೆ; ಆಗಲೇ ನೇಯ್ದದ್ದು ಹಾಗೇ ಉಳಿಯುತ್ತದೆ. ತಪ್ಪು ಎಷ್ಟನೇ ಮೊಳದಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬಟ್ಟೆ ಬಿಡಿಸಿದರೆ ಕಾಣುತ್ತದೆ. ಬಟ್ಟೆಯಲ್ಲಿ ಕಾಲ ಉದ್ದವಾಗಿ ಮಲಗಿರುತ್ತದೆ. ಆದರೆ ಆಟಕ್ಕೆ ಒಂದು ಪ್ಯಾಚ್, ಎಂದರೆ ತಿದ್ದುಪಡಿ, ಬಂದರೆ ಲಕ್ಷಾಂತರ ಜನರ ಕೈಯ ಕತ್ತಿ ಒಂದೇ ಬಾರಿಗೆ ಬದಲಾಗುತ್ತದೆ, ಮೂರು ವರ್ಷದ ಹಿಂದೆ ಗೆದ್ದದ್ದೂ ನಿನ್ನೆ ಗೆದ್ದದ್ದೂ. ಬಟ್ಟೆ ಸವೆಯುತ್ತದೆ, ಐಟಂ ಎಂದೂ ಸವೆಯುವುದಿಲ್ಲ, ಆದರೆ ಅದರ ನಿನ್ನೆಯನ್ನೂ ಇವತ್ತು ಬದಲಾಯಿಸಬಹುದು. ಬುದ್ಧನೂ ಊಹಿಸಿರದ ಅನಿತ್ಯ ಇದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಅಳಿಯ ಈಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಮರ್ಚಂಡೈಸರ್. ಬೇರೊಂದು ಆಟ ಹಿಡಿದಿದ್ದಾನೆ. ಈಚೆಗೆ ಒಂದು ಅಪ್‌ಡೇಟ್ ಆದ ಮೇಲೆ ಅವನ ಕೆಲವು ಸಾಮಾನುಗಳು ಪೆಟ್ಟಿಗೆಯಿಂದ ಮಾಯವಾದವು. ಇನ್ನು ಕೆಲವರಿಗೆ ಒಂದಿದ್ದದ್ದು ಎರಡಾಯಿತು. ‘ಸಮಸ್ಯೆ ಗಮನಕ್ಕೆ ಬಂದಿದೆ, ಸರಿಪಡಿಸುತ್ತಿದ್ದೇವೆ, ತಾಳ್ಮೆಯಿರಲಿ’ ಎಂಬ ಅರ್ಥದ ಎರಡು ಸಾಲು ಕಂಪನಿಯಿಂದ ಬಂದವು. ಆಮೇಲೆ ಸುದ್ದಿಯೇ ಇಲ್ಲ. “ಎರಡು ಸಾಲು ಬರೆಯೋಕ್ಕೆ ಟೈಮಿದೆ, ಸರಿ ಮಾಡೋಕ್ಕೆ ಇಲ್ವಾ ಮಾವ?” ಎಂದ.

“ನಿಮ್ಮ ಬಟ್ಟೇಲಿ ನೀಡಲ್ ಲೈನ್ ಬಂದ್ರೆ ಏನ್ ಮಾಡ್ತೀರೋ?” ಎಂದು ಕೇಳಿದೆ.

ಹೆಣಿಗೆ ಯಂತ್ರದಲ್ಲಿ ಒಂದು ಸೂಜಿ ಕೆಟ್ಟರೆ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ. ಯಂತ್ರ ನಿಲ್ಲಿಸಿ ಸೂಜಿ ಬದಲಿಸುತ್ತಾರೆ. ಅಷ್ಟರಲ್ಲಿ ಹೆಣೆದುಹೋದ ಬಟ್ಟೆಯಲ್ಲಿ ಗೆರೆ ಬಿಟ್ಟು ಕತ್ತರಿಸುವುದೋ, ಸೆಕೆಂಡ್ಸ್ ಎಂದು ಕಮ್ಮಿ ಬೆಲೆಗೆ ಮಾರುವುದೋ, ಒಂದೊಂದೇ ರೋಲು ಬಿಡಿಸಿ ಚೆಕಿಂಗ್ ಮೇಜಿನ ಮೇಲೆ ನೋಡಬೇಕು. “ಸೂಜಿ ಬದಲಿಸೋದು ನಿಮಿಷದ ಕೆಲ್ಸ, ಚೆಕಿಂಗೇ ದಿನಗಟ್ಟಲೆ,” ಎಂದ. ಹೇಳಿದವನಿಗೇ ತನ್ನ ಪ್ರಶ್ನೆಯ ಉತ್ತರ ಸಿಕ್ಕಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ.

ಐಟಂ ಎರಡಾಗುವ ಬಗೆ ತಿಳಿದರೆ ಈ ತಡದ ಒಳಗು ಕಾಣುತ್ತದೆ. ನಾನು ನಿಮಗೆ ಒಂದು ಕತ್ತಿ ಕೊಡುತ್ತೇನೆ ಎಂದಿಟ್ಟುಕೊಳ್ಳಿ. ಸರ್ವರ್ ಎರಡು ಕೆಲಸ ಮಾಡಬೇಕು: ನನ್ನ ಲೆಕ್ಕದಿಂದ ಕತ್ತಿಯನ್ನು ಕಳೆಯಬೇಕು, ನಿಮ್ಮ ಲೆಕ್ಕಕ್ಕೆ ಕೂಡಬೇಕು. ಕೂಡಿ, ಕಳೆಯುವ ಮುಂಚೆ ಸರ್ವರ್ ಬಿದ್ದುಹೋದರೆ ಇಬ್ಬರಲ್ಲೂ ಕತ್ತಿ. ಕಳೆದು, ಕೂಡುವ ಮುಂಚೆ ಬಿದ್ದರೆ ಇಬ್ಬರಲ್ಲೂ ಇಲ್ಲ. ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬುದು ಡೇಟಾಬೇಸ್ ವಿದ್ಯೆಯ ಹಳೆಯ ನೀತಿ. ಹೇಳುವುದು ಸುಲಭ. ಲೆಕ್ಕ ಹತ್ತಾರು ಯಂತ್ರಗಳಲ್ಲಿ ಹಂಚಿಹೋಗಿ, ಆಟದೊಳಗಿನ ಅಂಚೆ, ಸಂತೆ, ಸಂಘದ ಉಗ್ರಾಣ ಎಂದು ನೂರು ದಾರಿಯಲ್ಲಿ ಸಾಮಾನು ಓಡಾಡುವಾಗ ಒಂದು ಸಂದು ಎಲ್ಲೋ ಉಳಿದುಬಿಡುತ್ತದೆ. ಆ ಸಂದನ್ನು ಹಿಡಿಯಬೇಕಾದರೆ ತಪ್ಪನ್ನು ಮತ್ತೆ ಆಗುವಂತೆ ಮಾಡಿ ನೋಡಬೇಕು. ಕರೆದಾಗ ಬಾರದ ತಪ್ಪನ್ನು ತಿದ್ದುವುದು ಹೇಗೆ? ಅದಕ್ಕೇ ಆಟದ ಎಂಜಿನಿಯರುಗಳು ರಾತ್ರಿ ಕೂರುತ್ತಾರೆ.

2013ರ ಮೇ ತಿಂಗಳ ಡಯಾಬ್ಲೊ 3 ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಲಿಝರ್ಡ್ ಕಂಪನಿಯ ಆ ಆಟದಲ್ಲಿ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವ ಹರಾಜುಕಟ್ಟೆಯೇ ಇತ್ತು. 1.0.8 ಪ್ಯಾಚ್‌ನಲ್ಲಿ ಒಮ್ಮೆಗೆ ಮಾರಬಹುದಾದ ಚಿನ್ನದ ಗಂಟಿನ ಗಾತ್ರ ಹಿಗ್ಗಿಸಿದರು. ಕಂಪ್ಯೂಟರು ಆ ಮೊತ್ತ ಬರೆದುಕೊಳ್ಳುವ ಮನೆ ಅಷ್ಟು ದೊಡ್ಡದಿರಲಿಲ್ಲ, ತುಂಬಿ ಹೊರಚೆಲ್ಲಿತು. ಭಾರೀ ಮೊತ್ತ ಮಾರಾಟಕ್ಕಿಟ್ಟು, ಮನಸ್ಸು ಬದಲಾಯಿತೆಂದು ರದ್ದು ಮಾಡಿದರೆ, ಇಟ್ಟದ್ದಕ್ಕಿಂತ ಹೆಚ್ಚು ವಾಪಸ್ ಬರುತ್ತಿತ್ತು. ಗೊತ್ತಾದವರು ಕೆಲವೇ ಗಂಟೆಗಳಲ್ಲಿ ಆಟದ ಆರ್ಥಿಕತೆಯನ್ನು ಚಿಂದಿ ಮಾಡಿದರು. ಕಂಪನಿ ಹರಾಜುಕಟ್ಟೆ ಮುಚ್ಚಿತು.

ಆಗ ಅವರೆದುರು ಎರಡು ದಾರಿ ಇದ್ದವು. ಒಂದು ರೋಲ್‌ಬ್ಯಾಕ್: ಇಡೀ ಲೋಕವನ್ನು ಪ್ಯಾಚ್‌ಗೆ ಮುಂಚಿನ ಗಳಿಗೆಗೆ ತಿರುಗಿಸಿಬಿಡುವುದು. ಬೇಗ ಮುಗಿಯುವ ಕೆಲಸ. ಇನ್ನೊಂದು, ದಾಖಲೆಗಳನ್ನು ಬಿಡಿಬಿಡಿಯಾಗಿ ಜಾಲಾಡಿ ಕಳ್ಳಚಿನ್ನ ಎಲ್ಲೆಲ್ಲಿ ಹರಿದಿದೆ ಎಂದು ಹುಡುಕಿ ತೆಗೆಯುವುದು. ಅವರು ಆರಿಸಿಕೊಂಡದ್ದು ಎರಡನೆಯದನ್ನು. ಕಾರಣ, ಆ ಗಂಟೆಗಳಲ್ಲಿ ಚಿನ್ನದ ಗೊಡವೆಗೇ ಹೋಗದೆ ನೆಟ್ಟಗೆ ಆಡಿ ಏನನ್ನೋ ಗೆದ್ದಿದ್ದ ಜನ ಬಹಳ ಮಂದಿ ಇದ್ದರು. ರೋಲ್‌ಬ್ಯಾಕ್ ಮಾಡಿದರೆ ಅವರ ಆ ದಿನವೂ ಅಳಿಸಿಹೋಗುತ್ತಿತ್ತು.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಬಗ್ ಸರಿಪಡಿಸಲು ಬೇಗದ ದಾರಿ ಯಾವಾಗಲೂ ಒಂದಿರುತ್ತದೆ, ಎಲ್ಲವನ್ನೂ ಅಳಿಸಿಬಿಡುವುದು. ತಡವಾಗುವುದು ಅಳಿಸಬಾರದ್ದೇನೋ ಇರುವುದರಿಂದ. ಆಟಗಾರರಿಗೆ ಕಾಯಿರಿ ಎನ್ನುವಾಗ, ಯಾವ ತಪ್ಪೂ ಮಾಡದ ಯಾರೋ ಒಬ್ಬರ ಮಂಗಳವಾರವನ್ನು ಉಳಿಸಿಕೊಡಲು ನಿಮ್ಮ ಬುಧವಾರ, ಗುರುವಾರ ಕೊಡಿ ಎಂದು ಕೇಳುತ್ತಿರುತ್ತಾರೆ. ಕಂಪನಿಗಳು ಇದನ್ನು ಹೀಗೆ ಹೇಳುವುದಿಲ್ಲ. ‘ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಬರೆದು ಮುಗಿಸುತ್ತವೆ. ಹೀಗೇ ಹೇಳಿದ್ದರೆ ನನ್ನ ಅಳಿಯನಂಥವರ ಸಿಟ್ಟು ಅರ್ಧ ಇಳಿಯುತ್ತಿತ್ತು.

ನಮ್ಮ ಕುಲದ ಕಥೆಯಲ್ಲೂ ರೋಲ್‌ಬ್ಯಾಕ್ ಇಲ್ಲ. ದೇವತೆಗಳಿಗೂ ಮನುಷ್ಯರಿಗೂ ಬಟ್ಟೆ ನೇಯಲು ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ಪಡೆದು ಬರುತ್ತಿದ್ದಾಗ ದಾರಿಯಲ್ಲಿ ರಾಕ್ಷಸರು ಮುತ್ತಿಗೆ ಹಾಕಿದರು. ಚೌಡೇಶ್ವರಿ ಪ್ರತ್ಯಕ್ಷಳಾಗಿ ಅವರನ್ನು ಕೊಂದಳು. ಅವರ ಬಣ್ಣಬಣ್ಣದ ನೆತ್ತರು ನೂಲಿಗೆ ಅಂಟಿತು. ತಾಯಿಗೆ ಏನು ಕಷ್ಟ, ಬಿಳಿ ನೂಲನ್ನೇ ಮತ್ತೆ ಕರುಣಿಸಬಹುದಿತ್ತು. ಕರುಣಿಸಲಿಲ್ಲ. ಕದನ ನಡೆದದ್ದು ನಡೆದದ್ದೇ; ಕಲೆಯಾದ ನೂಲೇ ಬಣ್ಣದ ನೂಲಾಯಿತು, ಅದರಲ್ಲೇ ನೇಯ್ದೆವು. ವಿಜಯದಶಮಿಯಂದು ಕೊಯಮತ್ತೂರಿನ ಬೀದಿಗಳಲ್ಲಿ ನಮ್ಮ ಹುಡುಗರು ಎದೆಗೆ ಅಲಗು ಬಡಿದುಕೊಂಡು ತಾಯಿಯನ್ನು ಕರೆದುಕೊಂಡು ಹೋಗುವುದನ್ನು ನೋಡುವಾಗ, ಆದದ್ದನ್ನು ಅಳಿಸದೆ ಹೊತ್ತುಕೊಂಡು ಹೋಗುವ ಹಟ ಅದರಲ್ಲಿ ನನಗೆ ಕಾಣುತ್ತದೆ. ಗಾಯವಾಗುತ್ತದೆಂದು ಬೈಯುವವರಿದ್ದಾರೆ. ಅವರ ಮಾತೂ ಸುಳ್ಳಲ್ಲ.

ಆದರೆ ತಾಳ್ಮೆಯನ್ನು ಇಷ್ಟು ಹೊಗಳಿ ತಿರುಪ್ಪೂರಿನ ಹೆಸರೆತ್ತಿದ ಮೇಲೆ ನೊಯ್ಯಲ್ ಹೊಳೆಯ ಮಾತು ಬಿಡುವಂತಿಲ್ಲ.

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ಹೊಳೆ ಅದು. ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ಹೊಳೆಗೆ ಬಿತ್ತು. ಕೆಳಗಡೆ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಹೊಲಕ್ಕೆ ಉಪ್ಪು ಇಳಿಯಿತು, ಬಾವಿಗಳು ಕೆಟ್ಟವು. ರೈತರು ಕೋರ್ಟಿಗೆ ಹೋದರು. 2006ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶ, 2009ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ನಡುನಡುವೆ ಕಾಲಾವಕಾಶ, ಮತ್ತೆ ಕಾಲಾವಕಾಶ. ಹೊರಗೆ ಒಂದು ಹನಿಯೂ ಬಿಡದ ಶುದ್ಧೀಕರಣ ಘಟಕ ಕಟ್ಟುತ್ತಿದ್ದೇವೆ, ತಾಳ್ಮೆಯಿರಲಿ ಎಂಬ ಮಾತು ಅಲ್ಲೂ ಇತ್ತು. ಕೊನೆಗೆ 2011ರ ಜನವರಿ 28ರಂದು ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು, ಹರಾಜುಕಟ್ಟೆ ಮುಚ್ಚಿಸಿದ ಹಾಗೆಯೇ. ಕೂಲಿಯವರು ಗಂಟುಮೂಟೆ ಕಟ್ಟಿ ಊರಿಗೆ ಹೋದರು. ಘಟಕಗಳು ಶುದ್ಧೀಕರಣ ಸರಿಮಾಡಿಕೊಂಡು ಮತ್ತೆ ತೆರೆಯಲು ತಿಂಗಳುಗಳೇ ಹಿಡಿದವು.

ಆಟವನ್ನೂ ಹೊಳೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಮೂರ್ಖತನ ನನಗೆ ಬೇಡ. ನಾನು ನೋಡುವುದು ಕಾಯುವವರನ್ನು ಮಾತ್ರ. ಡಯಾಬ್ಲೊದಲ್ಲಿ ತಡವಾದದ್ದು ತಪ್ಪು ಮಾಡದವರನ್ನು ಉಳಿಸುವುದಕ್ಕೆ. ನೊಯ್ಯಲ್ ಬಯಲಿನಲ್ಲಿ ವರ್ಷಗಟ್ಟಲೆ ತಡವಾದದ್ದು ಮುಖ್ಯವಾಗಿ ತಪ್ಪು ಮಾಡಿದವರ ಅನುಕೂಲಕ್ಕೆ. ಆ ತಡದ ಬಾಡಿಗೆ ಕಟ್ಟಿದವರು ರೈತರು, ಕೊನೆಯ ಕಂತು ಕಟ್ಟಿದವರು ಕೂಲಿಯವರು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಒರತ್ತುಪಾಳಯದ ರೈತನ ಎದುರು ಹೇಳುವ ಧೈರ್ಯ ನನಗಿಲ್ಲ. ಎಲ್ಲವೂ ಅನಿತ್ಯ, ಈ ಉಪ್ಪೂ ಒಂದು ದಿನ ಹೋಗುತ್ತದೆ ಎಂಬ ಮಾತನ್ನಂತೂ ಅವನು ತಾನೇ ಹೇಳಿಕೊಂಡರೆ ವೇದಾಂತ, ಬಣ್ಣದ ಘಟಕದ ಮಾಲೀಕ ಹೇಳಿದರೆ ಅಹಂಕಾರ. ಅನಿತ್ಯದ ಬಗ್ಗೆ ಬರೆಯುವ ನಮ್ಮಂಥವರು ಈ ವ್ಯತ್ಯಾಸವನ್ನು ಮೆಲ್ಲಗೆ ದಾಟಿಬಿಡುತ್ತೇವೆ. ಮಣ್ಣಿಗೆ ಪ್ಯಾಚ್ ಇಲ್ಲ. ಮಳೆ ಬಂದು ತೊಳೆದಷ್ಟೇ.

ಅದೇ ನೊಯ್ಯಲ್ ದಂಡೆಯ ವೆಳ್ಳಲೂರಿನಲ್ಲಿ 1842ರಲ್ಲಿ ನೆಲ ಅಗೆದಾಗ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು, ಹೆಚ್ಚಿನವು ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದವು. ಪಶ್ಚಿಮ ಕರಾವಳಿಯಿಂದ ಪಾಲಕ್ಕಾಡಿನ ಕಣಿವೆ ಹಾದು ಒಳನಾಡಿಗೆ ಬಂದ ವ್ಯಾಪಾರದ ಹಣ. ಇಂಥ ನಿಧಿಗಳು ಕೊಂಗುನಾಡಿನಲ್ಲಿ ಹಲವು ಕಡೆ ಸಿಕ್ಕಿವೆ. ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳಲ್ಲಿ ಕೆಲವಕ್ಕೆ ಚಕ್ರವರ್ತಿಯ ಮುಖದ ಮೇಲೇ ಉಳಿಯ ಗಾಯವಿದೆ. ಇನ್ನು ಕೆಲವು ರೋಮಿನವೇ ಅಲ್ಲ. ಇಲ್ಲಿನವರೇ ಅಚ್ಚು ಕಡೆದು ಹೊಡೆದ ನಕಲುಗಳು. ಐಟಂ ಒಂದು ಎರಡಾಗುವ ಬಗ್ ಎರಡು ಸಾವಿರ ವರ್ಷದ ಹಿಂದೆಯೂ ಇತ್ತು ಎನ್ನಬಹುದು. ಅಸಲಿಗೂ ನಕಲಿಗೂ ವ್ಯತ್ಯಾಸ ಹುಡುಕಲು ವಿದ್ವಾಂಸರು ಈಗಲೂ ಅಕ್ಷರಗಳ ತಪ್ಪು ನೋಡುತ್ತಾರೆ, ಲೋಹ ತೂಗುತ್ತಾರೆ.

ಆ ನಾಣ್ಯ ಹೂತಿಟ್ಟವನು ವಾಪಸ್ ಬರಲಿಲ್ಲ. ಅದಕ್ಕೆ ಬೆಲೆ ಕಟ್ಟುತ್ತಿದ್ದ ಸಾಮ್ರಾಜ್ಯ, ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದರ ಸರ್ವರ್, ಯಾವಾಗಲೋ ಬಿದ್ದುಹೋಯಿತು. ಆದರೂ ಬೆಳ್ಳಿ ಬೆಳ್ಳಿಯಾಗಿ ಉಳಿಯಿತು. ಸಿಕ್ಕವನು ಕರಗಿಸಿ ಕಾಲುಂಗುರ ಮಾಡಿಸಿಕೊಳ್ಳಬಹುದಿತ್ತು, ಕೆಲವರು ಮಾಡಿಸಿಕೊಂಡೂ ಇರಬಹುದು. ಗ್ಲೇಸಿಯರ್‌ನಲ್ಲಿ ಕರಗಿಸಲು ಏನೂ ಇಲ್ಲ. ಅದರೊಳಗಿನ ಬೆಳ್ಳಿ ಎಂದರೆ ಒಟ್ಟಿಗೆ ಆಡಿದ ಗೆಳೆತನ, ನೆನಪು ಎಂದೆಲ್ಲ ಹೇಳಿ ಸಮಾಧಾನ ಮಾಡುವವರಿದ್ದಾರೆ. ಆ ಸಮಾಧಾನ ನನಗೆ ಒಗ್ಗುವುದಿಲ್ಲ. ಗೆಳೆತನ ಬೇರೆ, ಗ್ಲೇಸಿಯರ್ ಬೇರೆ. ಒಂದು ವಸ್ತು ಹೋದದ್ದಕ್ಕೆ ದುಃಖಿಸುವವನಿಗೆ ಇನ್ನೊಂದನ್ನು ತೋರಿಸಿ ಇದೇ ಅದು ಎನ್ನುವುದು ಸರಿಯಲ್ಲ.

ಹಾಗಾದರೆ ಸರಿಪಡಿಸಲಾಗದೇ ಹೋದಾಗ? ಅದಕ್ಕೂ ಉದಾಹರಣೆಗಳಿವೆ. ಫೈನಲ್ ಫ್ಯಾಂಟಸಿ 14 ಎಂಬ ಜಪಾನಿನ ಆಟ 2010ರಲ್ಲಿ ಬಂದಾಗ ಅದರಲ್ಲಿ ತಪ್ಪುಗಳೇ ತುಂಬಿದ್ದವು. ನವೋಕಿ ಯೋಶಿದಾ ಎಂಬಾತನ ಕೈಗೆ ಅದನ್ನು ಒಪ್ಪಿಸಿದರು. ಆತ ಇದ್ದದ್ದನ್ನು ತೇಪೆ ಹಾಕಿ ನಡೆಸುತ್ತಲೇ ಪಕ್ಕದಲ್ಲಿ ಬುಡದಿಂದ ಹೊಸದನ್ನು ಕಟ್ಟಿಸಿದ. ಹಳೆಯದನ್ನು ಸದ್ದಿಲ್ಲದೆ ಆರಿಸಲಿಲ್ಲ. ಆಟದ ಆಕಾಶದಲ್ಲಿ ಒಂದು ಕೆಂಪು ಚಂದ್ರ ತಿಂಗಳುಗಟ್ಟಲೆ ದೊಡ್ಡದಾಗುತ್ತ ಕೆಳಗಿಳಿಯಿತು. 2012ರ ನವೆಂಬರ್ 11ರಂದು ಅದು ಬಿದ್ದು ಆ ಲೋಕ ಮುಗಿಯಿತು. ಆಟಗಾರರಿಗೆ ದಿನ ಗೊತ್ತಿತ್ತು, ಕಾರಣ ಗೊತ್ತಿತ್ತು. ಬಹಳ ಜನ ಕೊನೆಯ ಗಳಿಗೆಯವರೆಗೆ ಅಲ್ಲೇ ಇದ್ದರು. 2013ರ ಆಗಸ್ಟಿನಲ್ಲಿ ಹೊಸದು ತೆರೆಯಿತು, ಹಳಬರ ಪಾತ್ರಗಳೂ ಅಲ್ಲಿಗೆ ಬಂದವು. ಪ್ರಳಯವನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಟ್ಟವರು ನಮ್ಮ ಪುರಾಣಗಳಲ್ಲೂ ಕಮ್ಮಿ.

ಇನ್ನೊಂದು ತರಹವೂ ಇದೆ. ‘ದಿ ಕ್ರ್ಯೂ’ ಎಂಬ ಕಾರೋಟದ ಆಟವನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಡಿಸ್ಕಿಗೆ ದುಡ್ಡು ಕೊಟ್ಟು ಮನೆಯಲ್ಲಿಟ್ಟುಕೊಂಡಿದ್ದವರೂ ಆಮೇಲೆ ಒಂಟಿಯಾಗಿ ಕೂಡ ಅದನ್ನು ಆಡುವಂತಿರಲಿಲ್ಲ. ಅದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಎದ್ದದ್ದು. ಯುರೋಪಿನಲ್ಲಿ ಅದರ ಮನವಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿತು. ಆಟಗಳು ಚಿರಂಜೀವಿಯಾಗಬೇಕೆಂದು ಅವರು ಕೇಳುತ್ತಿಲ್ಲ. ನೀವು ಬಿಟ್ಟು ಹೋಗುವುದಾದರೆ ಹೋಗಿ, ಆದರೆ ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎನ್ನುತ್ತಿದ್ದಾರೆ. ಅನಿತ್ಯವನ್ನು ಒಪ್ಪಿಕೊಂಡೂ ಇಡಬಹುದಾದ ಬೇಡಿಕೆ ಅದು. ಕಂಪನಿಗಳಿಗೆ ಇದು ಖರ್ಚಿನ ಬಾಬ್ತು, ಕೋಡ್ ಹೊರಗೆ ಹೋಗುವ ಭಯ; ಆ ಮಾತೂ ತೀರ ಪೊಳ್ಳಲ್ಲ. ಆದರೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಸಹಿ ಹಾಕಿದವರ ಕಡೆ.

ಅದು ಆಗದ ಮಾತೂ ಅಲ್ಲ. ‘ಸಿಟಿ ಆಫ್ ಹೀರೋಸ್’ ಎಂಬ ಆಟವನ್ನು ಎನ್‌ಸಿಸಾಫ್ಟ್ ಕಂಪನಿ 2012ರ ನವೆಂಬರ್ 30ರಂದು ಮುಚ್ಚಿತು. ಕೆಲವು ಆಟಗಾರರು ಅದನ್ನು ಗುಟ್ಟಾಗಿ ಉಳಿಸಿಕೊಂಡಿದ್ದರು. 2019ರಲ್ಲಿ ಗುಟ್ಟು ರಟ್ಟಾಗಿ ದೊಡ್ಡ ಜಗಳವೇ ಆಯಿತು. ನಮಗೇಕೆ ಹೇಳಲಿಲ್ಲ ಎಂದು ಉಳಿದವರ ಸಿಟ್ಟು. ಆಮೇಲೆ ‘ಹೋಮ್‌ಕಮಿಂಗ್’ ಎಂಬ ಹೆಸರಿನಲ್ಲಿ ಆಟ ಎಲ್ಲರಿಗೂ ತೆರೆಯಿತು. 2024ರ ಜನವರಿಯಲ್ಲಿ ಕಂಪನಿಯೇ ಅವರಿಗೆ ಅಧಿಕೃತ ಪರವಾನಗಿ ಕೊಟ್ಟಿತು. ಸರ್ವರಿನ ಬಾಡಿಗೆ ಚಂದಾ ಎತ್ತಿ ಕಟ್ಟುತ್ತಾರೆ. ಅಲ್ಲೂ ಬಗ್‌ಗಳಿವೆ, ಸರಿಪಡಿಸುವವರು ಸಂಬಳವಿಲ್ಲದ ಸ್ವಯಂಸೇವಕರು, ಹೊಟ್ಟೆಪಾಡಿನ ಕೆಲಸ ಮುಗಿಸಿ ಬಿಡುವಾದಾಗ ಕೂರುವವರು. ಹಾಗಾಗಿ ಅಲ್ಲಿ ಕಾಯುವುದು ಇನ್ನೂ ಹೆಚ್ಚು, ಗೊಣಗುವವರೂ ಇದ್ದೇ ಇದ್ದಾರೆ.